ದೊಡ್ಡಹನುಮಯ್ಯನ ಎಡೆ

ಹಸಿದವರಿಗೆ ಅನ್ನವಾಗಿ, ದಣಿದವರಿಗೆ ನೆರಳಾಗಿ, ಹೆಸರಿಲ್ಲದ ಒಲವಿಗೂ ಸಾಕ್ಷಿಯಾಗಿ ನಿಂತ ವಿಶ್ವಂಭರನ ಅಡಿಗಳಿಗೆರಗಿ ಕಥೆ ತೊಡಗಲಿ.

ಭಾದ್ರಪದದ ಅಮಾವಾಸ್ಯೆಯ ಬೆಳಿಗ್ಗೆ ಅಂಜಿನಯ್ಯನು ಬಿನ್ನಿಪೇಟೆಯಿಂದ ಹೇರೋಹಳ್ಳಿಗೆ ನಡೆದು ಬಂದನು. ರಾಜಾಜಿನಗರದಲ್ಲಿ ನಿವೇಶನಗಳಿಗೆ ಕಲ್ಲು ನೆಡುತ್ತಿದ್ದ ಕಾಲ. ಆ ಕೆಂಧೂಳಿ ಅವನ ಮೊಣಕಾಲವರೆಗೆ ಹತ್ತಿತ್ತು. ಮಗ್ಗದ ಮುಂದೆ ಸವೆದ ಮೈ ಅದು. ಮನಸ್ಸು ಅದಕ್ಕಿಂತಲೂ ಸವೆದಿತ್ತು. ಗಿರಣಿಯ ಸಾಲುಮನೆಯ ಒಂದೇ ಕೋಣೆಯಲ್ಲಿ ಅವನೊಡನೆ ಸತಿಪತಿಗಳಂತೆ ಬಾಳಿದ ದೊಡ್ಡಹನುಮಯ್ಯನು ಮಾಘದಲ್ಲಿ ತೀರಿಕೊಂಡಿದ್ದನು. ಇಬ್ಬರು ಗಂಡಸರ ಆ ಬಾಳುವೆಗೆ ಲೋಕವಿಟ್ಟ ಹೆಸರು ‘ಜೊತೆಗಾರರು’ ಎಂದಷ್ಟೆ. ಅವನನ್ನು ಮಣ್ಣು ಮಾಡಿದ ದಿನ ಅಂಜಿನಯ್ಯನು ಹೊರಗಿನವರ ಸಾಲಿನಲ್ಲಿ ನಿಂತಿದ್ದನು. ಈಗ ಸತ್ತವನ ತಂಗಿ ಚಿಕ್ಕಗಂಗಮ್ಮನು ಹೇಳಿಕಳುಹಿಸಿದ್ದಳು: “ಅಣ್ಣಂಗೆ ಮಕ್ಕಳಿಲ್ಲ, ಎಡೆ ನೀವೇ ಇಡಿ.” ಆ ಒಂದು ಮಾತಿನಿಂದ ಅವನು ಮನೆಯವನಾಗಿದ್ದನು.

ಮುದ್ದೆ, ಕೋಳಿಸಾರು, ಹೊಸ ಪಂಚೆ ಎಲ್ಲವನ್ನೂ ಅವನೇ ಎಲೆಯ ಮುಂದಿಟ್ಟನು. ಕೊನೆಗೆ ಚಿಕ್ಕಗಂಗಮ್ಮ ಕೈಗೆ ಕೊಟ್ಟದ್ದು ಒಂದು ಮೊಗೆ ಈಚಲ ಹೆಂಡ. ಅದರ ಹುಳಿವಾಸನೆಗೆ ಅವನ ನಾಲಗೆ ಒಣಗಿತು. ಒಂದು ಕಾಲಕ್ಕೆ ಕೂಲಿಯನ್ನೂ ಮೈಯನ್ನೂ ಹೆಂಡಕ್ಕೇ ಸುರಿದವನು ಅವನು. ಬಿಟ್ಟು ವರ್ಷಗಳೇ ಸಂದಿದ್ದವು. ಬಾಯಾರಿಕೆ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಒಂದು ಗುಟುಕು ಒಳಗಿಳಿದರೆ ಸಂಜೆಗೆ ತಾನು ಅಂಗಡಿಯ ಬೆಂಚಿನ ಮೇಲಿರುವೆನೆಂದು ಅವನಿಗೆ ತಿಳಿದಿತ್ತು.

ಮೊಗೆಯನ್ನೂ ಎಲೆಯ ಮುಂದಿಟ್ಟ ಮೇಲೆ, ಸತ್ತವರು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕುಳಿತರು, ಬಳಿಕ ತೆರೆದರು. ಎಡೆ ಇಟ್ಟವನೇ ಮೊದಲು ಮೊಗೆಯಿಂದ ಕುಡಿಯಬೇಕು; ಕುಡಿಯದಿದ್ದರೆ ಸತ್ತವನು ಅವನ ಕೈಯನ್ನು ಒಪ್ಪಲಿಲ್ಲವೆಂದು ಆ ಮನೆಯ ನಂಬಿಕೆ.

ಚಿಕ್ಕಗಂಗಮ್ಮನ ಗಂಡ ಮುನಿಯಪ್ಪ ಮೊಗೆಯನ್ನು ತಂದು ಅವನ ಕೈಗಿತ್ತನು. “ತಗೊಳ್ಳಣ್ಣ. ನೀನ್ ಕುಡಿದ್ರೆ ನಮಗೂ ದಾರಿ ಆಯ್ತದೆ. ಬೆಳಿಗ್ಗೆಯಿಂದ ಬರೀ ವಾಸನೆ ಕುಡೀತಾ ಕೂತಿದೀನಿ.”

“ನಂಗೆ ಬೇಡ.”

“ನಂಟ ಅಂತ ಕರೆದ್ರೆ ಶಾಸ್ತ್ರಿ ಆಗ್ಬಿಟ್ಯಲ್ಲಪ್ಪ.”

“ನಮ್ಮಣ್ಣಂಗೆ ಅದೇ ಪ್ರಾಣ ಅಲ್ವಾ,” ಎಂದಳು ಚಿಕ್ಕಗಂಗಮ್ಮ. “ದಿನಾ ಸಂಜೆ ಹೆಂಡದಂಗಡಿ ಬಾಗಿಲಲ್ಲೇ ಇರ್ತಿದ್ದ ಅಂತ ಪೇಟೆಯೋರೆಲ್ಲ ಹೇಳೋರು. ಅವನ ಎಂಜಲು ನಿಮಗೆ ಬ್ಯಾಡ್ವಾ?”

ಸುಮ್ಮನಿದ್ದರೆ ಕುಡಿಯಬೇಕು, ಮಾತಾಡಿದರೆ ಇಷ್ಟು ಕಾಲ ಮರೆಯಲ್ಲಿದ್ದುದೆಲ್ಲ ಜಗಲಿಗೆ ಬರಬೇಕು. ಎರಡಕ್ಕೂ ಅವನಲ್ಲಿ ತ್ರಾಣವಿರಲಿಲ್ಲ. ಆದರೂ ಮೊಗೆಯನ್ನು ನೆಲಕ್ಕಿಟ್ಟನು.

“ಅವನು ಒಂದು ತೊಟ್ಟೂ ಕುಡಿದೋನಲ್ಲ ಗಂಗಮ್ಮ. ಬಾಗಿಲಲ್ಲಿ ನಿಂತಿರ್ತಿದ್ದ, ನಿಜ. ಒಳಗೆ ನಾನಿರ್ತಿದ್ದೆ. ನಾನು ಏಳೋವರೆಗೂ ನಿಂತಿದ್ದು, ಹೆಗಲಿಗೆ ಹಾಕ್ಕೊಂಡು ಮನೆಗೆ ಹೋಗೋನು. ಬೆಳಿಗ್ಗೆ ಅಂಬಲಿ ಕುಡಿಸೋನು. ಒಂದ್ಸಲ ನಡುಕ ಬಂದು ಬಿದ್ದಿದ್ದೆ. ಮಡಿಲಲ್ಲಿ ಮಲಗಿಸ್ಕೊಂಡು, ‘ನೀನ್ ಹೋದ್ರೆ ನಾನ್ ಯಾರ ಬಾಗಿಲಲ್ಲಿ ನಿಂತ್ಕೊಳ್ಳಲಿ’ ಅಂದ. ಅವತ್ತು ಬಿಟ್ಟೆ. ಮನೆಯವಳಿಗೆ ಮನೆಯವನು ಹೆಂಗೋ, ನಂಗೆ ಅವನು ಹಂಗೆ. ಬೇಕಾದ್ರೆ ಎದ್ದು ಹೋಗ್ತೀನಿ.”

ಚಿಕ್ಕಗಂಗಮ್ಮ ಮೊಗೆಯನ್ನೆತ್ತಿ ಗಂಡನ ಕೈಗಿತ್ತು, “ಹಿತ್ತಲಾಚೆ ತಗೊಂಡೋಗಿ,” ಎಂದಳು. ಒಳಗಿನಿಂದ ಒಂದು ಬಟ್ಟಲು ಅಂಬಲಿ ತಂದು ಅಂಜಿನಯ್ಯನ ಮುಂದೆ ಹಿಡಿದಳು.

“ಇಡಿ. ಬಾಗಿಲು ಮತ್ತೆ ಮುಚ್ಚೋಣ. ಅವನು ಇನ್ನೂ ಉಂಡಿಲ್ಲ.”

ಬಾಗಿಲು ಎರಡನೆಯ ಸಲ ತೆರೆದಾಗ ಅಂಜಿನಯ್ಯನೇ ಮೊದಲು ಕುಡಿದನು. ಅಂಬಲಿ ತಣ್ಣಗಿತ್ತು, ಉಪ್ಪು ಕಡಿಮೆಯಾಗಿತ್ತು. ಹಿಂದಿರುಗುವ ದಾರಿಯಲ್ಲಿ ಬಾಯಾರಿಕೆಯೂ ಅವನ ಜೊತೆಗೇ ನಡೆಯಿತು, ಎಂದಿನಂತೆ. ಹೆಂಡದಂಗಡಿಯ ಬಾಗಿಲು ಬಂದಾಗ ಅವನು ಅಲ್ಲಿ ಒಂದು ಗಳಿಗೆ ನಿಂತು, ಒಳಗೆ ಹೋಗದೆ, ಮನೆಯ ಕಡೆಗೆ ತಿರುಗಿದನು.

ಈ ಕಥೆಗೆ ಕಿವಿಗೊಟ್ಟವರೆಲ್ಲರ ದಣಿವು ಆರಲಿ. ಅವರು ಎದ್ದು ಬರುವವರೆಗೂ ಬಾಗಿಲಲ್ಲಿ ಕಾಯುವ ಜೀವವೊಂದು ಅವರಿಗೆ ದೊರೆಯಲಿ.