ಪಾಪುವನ್ನು ಕೇಳಿದಿರಾ?

ಟೈಲರಮ್ಮನಿಗೆ ಆಪರೇಷನ್ ಆಗಬೇಕಿತ್ತು. ಗರ್ಭಕೋಶದಲ್ಲಿ ಗಡ್ಡೆ. ಜೀವಕ್ಕೆ ಭಯವಿಲ್ಲ, ಆದರೆ ತೆಗೆಸಲೇಬೇಕು ಎಂದಿದ್ದರು ಡಾಕ್ಟರು. ಒಂದು ವಾರ ಆಸ್ಪತ್ರೆ, ಆಮೇಲೆ ಒಂದು ತಿಂಗಳು ಹೊಲಿಗೆ ಮಷೀನ್ ತುಳಿಯುವಂತಿಲ್ಲ. ಅದಕ್ಕೆಲ್ಲ ಆಕೆ ಹೆದರಲಿಲ್ಲ. ಆಕೆಯ ಚಿಂತೆ ಒಂದೇ: ಪಾಪುವನ್ನು ಯಾರ ಹತ್ತಿರ ಬಿಡುವುದು?

ಪಾಪು ಎಂದರೆ ಕೈಗೂಸಲ್ಲ, ಇಪ್ಪತ್ತಾರು ತುಂಬಿದ ಮಗಳು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಏನಾದರೂ ಕೇಳಿದರೆ, ಅವಳ ಉತ್ತರ ಬರುವಷ್ಟರಲ್ಲಿ ಕೇಳಿದವರು ಬೀದಿ ದಾಟಿರುತ್ತಿದ್ದರು. ಆದರೆ ಮುಂಗೋಣೆಯ ಅಂಗಡಿಯಲ್ಲಿ ಅಮ್ಮ ಮಷೀನ್ ತುಳಿದರೆ, ಕಿಟಕಿಯ ಪಕ್ಕ ಕೂತು ಗುಂಡಿ ಹಚ್ಚುವವಳು ಪಾಪುವೇ. "ಅಂಗಿ ಹರಿದ್ರೂ ಪಾಪು ಹಚ್ಚಿದ ಗುಂಡಿ ಉದುರಲ್ಲ" ಎಂದು ಗಿರಾಕಿಗಳು ನಗುತ್ತಿದ್ದರು.

ಒಂದು ಸಂಜೆ ಮಾವ ಬಂದ. ಟೈಲರಮ್ಮನ ತಮ್ಮ, ಲಾರಿ ಡ್ರೈವರ್. ಮನಸ್ಸು ಬೆಣ್ಣೆ, ಗಂಟಲು ಲಾರಿಯ ಹಾರ್ನು.

"ಯೋಚನೆ ಯಾಕಕ್ಕಾ? ಪಾಪು ನಮ್ಮನೇಲಿರ್ಲಿ. ಮಕ್ಕಳಿದಾರೆ, ಟಿವಿ ಇದೆ. ನೀನು ಹುಷಾರಾದ್ಮೇಲೆ ತಂದು ಬಿಡ್ತೀನಿ."

"ನೀನಿದೀಯ ಅಂತಾನೇ ನಂಗೆ ಧೈರ್ಯ ಕಣೋ."

ಅಲ್ಲಿಗೆ ಮಾತು ಮುಗಿಯಿತು. ಪಾಪು ಕೈಗೆಟಕುವ ದೂರದಲ್ಲೇ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳು.

ಮರುದಿನದಿಂದ ರಗಳೆ ಶುರು. ಅಮ್ಮ ಬ್ಯಾಗಿಗೆ ತುಂಬಿದ ಬಟ್ಟೆಗಳನ್ನೆಲ್ಲ ಪಾಪು ಬೀರುವಿಗೆ ವಾಪಸ್ ಇಟ್ಟಳು. ಮತ್ತೆ ತುಂಬಿದರೆ ಮತ್ತೆ ತೆಗೆದಳು. ಆಮೇಲೆ ಬ್ಯಾಗೇ ಮಾಯ! ಹುಡುಕಿದರೆ ಹಿತ್ತಿಲ ನೀರಿನ ಡ್ರಮ್ಮಿನ ಹಿಂದೆ ಸಿಕ್ಕಿತು. ಎಂದೂ ಕೈಯೆತ್ತದ ಟೈಲರಮ್ಮ ಮಗಳ ಬೆನ್ನಿಗೆ ಒಂದು ಕೊಟ್ಟೇಬಿಟ್ಟಳು. ಕೊಟ್ಟು ತಾನೇ ಅಳುತ್ತ ಕೂತಳು.

ಆ ಹೊತ್ತಿಗೆ ಸರಿಯಾಗಿ ನರ್ಸಕ್ಕ ಬಂದರು. ಆಪರೇಷನ್ ಆಗುವವರೆಗೂ ಬಿ.ಪಿ. ನೋಡಿಹೋಗುವುದು ಅವರ ಕೆಲಸ.

"ಇದೇನು ಬಿ.ಪಿ. ಹೀಗೇರಿದೆ? ಏನಾಯ್ತು?"

ಟೈಲರಮ್ಮ ಮೂಗು ಒರೆಸಿಕೊಳ್ಳುತ್ತ ಎಲ್ಲ ಹೇಳಿದಳು. ನರ್ಸಕ್ಕ ಕುರ್ಚಿಯನ್ನು ಪಾಪುವಿನ ಕಡೆಗೆ ತಿರುಗಿಸಿಕೊಂಡರು.

"ಪಾಪು, ಅಮ್ಮ ಆಸ್ಪತ್ರೆಗೆ ಹೋದಾಗ ನಿಂಗೆ ಎಲ್ಲಿರೋಕೆ ಇಷ್ಟ?"

"ಮಾವನ ಮನೇಲಿ," ಎಂದಳು ಟೈಲರಮ್ಮ.

"ನಿಮ್ಮನ್ನ ಕೇಳ್ಲಿಲ್ಲ ಟೈಲರಮ್ಮಾ."

ಟೈಲರಮ್ಮನ ಮುಖ ಕೆಂಪೇರಿತು. "ಇಷ್ಟು ವರ್ಷ ಇವಳ ಬಾಯಿ ನಾನೇ ಆಗಿದೀನಿ. ಇವಳ ಹಸಿವು ಇವಳಿಗಿಂತ ಮುಂಚೆ ನಂಗೆ ಗೊತ್ತಾಗತ್ತೆ. ಕೇಳಿದ್ರೆ ಇವಳಿಗೇನು ತಿಳಿಯತ್ತೆ?"

"ನಿಮ್ಮಷ್ಟು ಇವಳನ್ನ ಬಲ್ಲೋರು ಯಾರೂ ಇಲ್ಲ, ಒಪ್ಪಿದೆ. ಆದ್ರೆ ಬ್ಯಾಗು ಖಾಲಿ ಮಾಡಿದ್ಲಲ್ಲ, ಅದೂ ಒಂದು ಉತ್ತರಾನೇ. ನಾವು ಪ್ರಶ್ನೆ ಕೇಳೋಕೆ ಮುಂಚೆ ಅವಳು ಉತ್ತರ ಕೊಟ್ಟಿದಾಳೆ."

"ಒಬ್ಬಳೇ ಇರ್ತೀನಿ ಅಂದ್ರೆ? ಬಿಟ್ಟು ಹೋಗ್ಲಾ?"

"ಹೇಳಿದ್ದಕ್ಕೆಲ್ಲ ಹೂಂ ಅನ್ನಿ ಅಂದ್ನಾ ನಾನು? ಆಗದ್ದನ್ನ ಆಗಲ್ಲ ಅನ್ನಿ, ಯಾಕೆ ಅಂತಾನೂ ಹೇಳಿ. ಬದುಕು ಅವಳದು. ಅದರ ಮಾತನ್ನ ಅವಳನ್ನ ಬಿಟ್ಟು ಆಡಬಾರದು ಅಷ್ಟೆ. ಮೊದಲು ಆ ಮನೆ ತೋರಿಸ್ಕೊಂಡು ಬನ್ನಿ. ಸಣ್ಣಸಣ್ಣ ಮಾತಲ್ಲಿ ಕೇಳಿ. ಕೇಳಿ ಆದ್ಮೇಲೆ ಬಾಯಿ ಮುಚ್ಕೊಂಡು ಕಾಯಿರಿ. ಕಷ್ಟ ಇರೋದು ಅಲ್ಲೇ!"

ಟೈಲರಮ್ಮ ಅರೆಮನಸ್ಸಿನಿಂದಲೇ ಒಪ್ಪಿದಳು. ಭಾನುವಾರ ಪಾಪುವನ್ನು ಮಾವನ ಮನೆಗೆ ಕರೆದೊಯ್ದಳು. ಮಕ್ಕಳು ಪಾಪುವಿನ ತಲೆ ಬಾಚಿದರು, ಪಾಪು ಬಿದ್ದುಬಿದ್ದು ನಕ್ಕಳು. 'ಸದ್ಯ, ಬಗೆಹರೀತು' ಎಂದುಕೊಂಡಳು ಟೈಲರಮ್ಮ. ಸಂಜೆ ಮಾವನೇ ಇಬ್ಬರನ್ನೂ ಮನೆಗೆ ಬಿಡಲು ಬಂದ. ಒಲೆಯ ಮೇಲೆ ಟೀ ಇಟ್ಟು ಟೈಲರಮ್ಮ ಕೇಳಿದಳು:

"ಪಾಪು, ನಂಗೆ ಆಸ್ಪತ್ರೆ. ನೀನು ಎಲ್ಲಿರ್ತೀಯ? ಮಾವನ ಮನೇಲೋ, ಇಲ್ಲೋ?"

ಮಾವ ಬಾಯಿ ತೆರೆದ. ಟೈಲರಮ್ಮ ಅವನ ಮೊಣಕಾಲನ್ನು ಅದುಮಿ ಹಿಡಿದಳು. ಟೀ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಯಾರೂ ಏಳಲಿಲ್ಲ.

"ಮಾವನ ಮನೆ ಚೆನ್ನಾಗಿದೆ," ಎಂದಳು ಪಾಪು. ಮಾವನ ಮುಖ ಅರಳಿತು. "ಹೋಗಲ್ಲ."

"ಯಾಕಮ್ಮಾ?"

ಮತ್ತೆ ಕಾದರು.

"ಅಪ್ಪಂಗೆ ಹುಷಾರಿರ್ಲಿಲ್ಲ. ಮಾವನ ಮನೆಗೆ ಹೋದೆ. ವಾಪಸ್ ಬಂದೆ. ಅಪ್ಪ ಇರ್ಲಿಲ್ಲ."

ಹತ್ತು ವರ್ಷದ ಹಿಂದಿನ ಮಾತು. ಗಂಡ ಸಾಯುವ ಸ್ಥಿತಿಯಲ್ಲಿದ್ದಾಗ, 'ಪಾಪ, ಅದಕ್ಕೇನು ತಿಳಿಯತ್ತೆ' ಎಂದು ಮಗಳನ್ನು ತಮ್ಮನ ಮನೆಗೆ ಕಳಿಸಿದ್ದಳು. ಎಲ್ಲ ಮುಗಿದ ಮೇಲೆ ಕರೆಸಿ, ಅಪ್ಪ ಕೆಲಸದ ಮೇಲೆ ದೂರ ಹೋಗಿದ್ದಾರೆ ಎಂದಿದ್ದಳು. ಪಾಪು ಆಮೇಲೆ ಕೇಳಲೇ ಇಲ್ಲ. ಮರೆತಿದ್ದಾಳೆ ಎಂದು ಎಲ್ಲರೂ ನಿಶ್ಚಿಂತರಾಗಿದ್ದರು.

ಮಾವ ಎದ್ದು ಗೋಡೆ ಕಡೆ ಮುಖ ಮಾಡಿ ನಿಂತ. ಟೈಲರಮ್ಮ ಮಗಳ ಎರಡೂ ಕೈ ಹಿಡಿದುಕೊಂಡಳು.

"ಅಪ್ಪ ಸತ್ತುಹೋದ್ರು ಪಾಪು. ಅವತ್ತೇ ನಿಂಗೆ ಹೇಳಬೇಕಿತ್ತು."

"ಗೊತ್ತು," ಎಂದಳು ಪಾಪು. ಅಮ್ಮನ ಮುಖ ನೋಡಿ, "ನೀನು?"

"ನನ್ನ ಹೊಟ್ಟೇಲಿ ಗಡ್ಡೆ ಇದೆ. ಡಾಕ್ಟ್ರು ಕತ್ತರಿಸಿ ತೆಗೀತಾರೆ. ಆಮೇಲೆ ಹೊಲೀತಾರೆ."

"ನಿನ್ನ ಥರ?"

"ನನ್ನ ಥರಾನೇ."

"ವಾಪಸ್ ಬರ್ತೀಯಾ?"

"ಬರ್ತೀನಿ ಅಂತ ಡಾಕ್ಟ್ರು ಹೇಳಿದಾರೆ. ನಾನೂ ನಂಬಿದೀನಿ. ಏನೇ ಆದ್ರೂ ನಿಂಗೆ ಹೇಳದೆ ಮುಚ್ಚಿಡಲ್ಲ."

ಮುಂದಿನದನ್ನು ನರ್ಸಕ್ಕನನ್ನೂ ಕರೆದು ಎಲ್ಲರೂ ಕೂತು, ಪಾಪುವನ್ನೂ ಕೂರಿಸಿಕೊಂಡು, ಮಾತಾಡಿದರು. ಪಾಪುವಿಗೆ ಆಸ್ಪತ್ರೆಯಲ್ಲಿ ಅಮ್ಮನ ಮಂಚದಲ್ಲೇ ಮಲಗಬೇಕಂತೆ! ನಿದ್ದೆಯಲ್ಲಿ ಒದ್ದರೆ ಅಮ್ಮನ ಹೊಲಿಗೆ ಬಿಚ್ಚಿಹೋಗುತ್ತದೆ ಎಂದು ನರ್ಸಕ್ಕ ವಿವರಿಸಿದರು. ಅರ್ಧ ದಿನ ಮುನಿಸಿಕೊಂಡು, ಕೊನೆಗೆ ತಮ್ಮ ಮನೆಯಲ್ಲೇ ಇರಲು ಒಪ್ಪಿದಳು. ಒಲೆ ಹಚ್ಚುವಂತಿಲ್ಲ ಎಂದದ್ದಕ್ಕೂ ಒಪ್ಪಿದಳು. ರಾತ್ರಿ ಜೊತೆಗೆ ಮಲಗಲು ಹೆಂಡತಿಯನ್ನು ಕಳಿಸಲಾ ಎಂದು ಮಾವ ಕೇಳಿದ. ಪಾಪು ಎದುರು ಮನೆಯ ಇಸ್ತ್ರಿ ಅಜ್ಜಿಯೇ ಬೇಕೆಂದಳು. "ಅತ್ತೆ ಗೊರಕೆ," ಎಂದು ಕಾರಣವನ್ನೂ ಕೊಟ್ಟಳು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಪರೇಷನ್ ಆದ ಸಂಜೆ ಮಾವ ಪಾಪುವನ್ನು ಆಸ್ಪತ್ರೆಗೆ ಕರೆತಂದ. ಮಂಪರಿನಲ್ಲಿದ್ದ ಟೈಲರಮ್ಮನಿಗೆ ಮಾತು ಕೇಳಿಸುತ್ತಿತ್ತು, ರೆಪ್ಪೆ ಮಾತ್ರ ಏಳುತ್ತಿರಲಿಲ್ಲ.

"ಅಮ್ಮ ಮಲಗಿದಾಳೆ. ಬಾ, ನಾಳೆ ಬರೋಣ," ಎಂದ ಮಾವ.

ಪಾಪು ಕದಲಲಿಲ್ಲ. ಹತ್ತಿರ ಬಂದು ಅಂಗೈಯನ್ನು ಅಮ್ಮನ ಮೂಗಿನ ಹತ್ತಿರ ಹಿಡಿದಳು. ಗುಂಡಿ ಹಚ್ಚಿ ಹಚ್ಚಿ ಒರಟಾದ ಆ ಬೆರಳುಗಳು ತನ್ನ ತುಟಿಗೆ ತಾಗಿದ್ದು ಟೈಲರಮ್ಮನಿಗೆ ತಿಳಿಯಿತು. ಆಕೆ ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಉಸಿರು ಬಿಟ್ಟಳು.

"ಬಿಸಿ ಇದೆ," ಎಂದಳು ಪಾಪು. "ನಡಿ ಮಾವ. ಹಸಿವು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಬುದ್ಧಿ ನಿಧಾನವಾದ ಮಗನೋ, ಪಾರ್ಶ್ವವಾಯುವಿನಿಂದ ಮಾತು ತೊದಲುವ ತಂದೆಯೋ, ಮರೆವು ಹತ್ತಿದ ಅತ್ತೆಯೋ. ಅವರ ಎದುರಲ್ಲೇ ಕೂತು ಅವರ ಬದುಕಿನ ತೀರ್ಮಾನ ಮಾಡುತ್ತಿದ್ದೀರಾ? ಒಂದು ಗಳಿಗೆ ನಿಲ್ಲಿಸಿ, ಅವರ ಕಡೆ ತಿರುಗಿ, ಅವರನ್ನೇ ಕೇಳಿ. ಬಾಯಲ್ಲಿ ಹೇಳಲಾಗದಿದ್ದರೆ ಅವರ ಕೈ, ಕಣ್ಣು, ಹಟ ಏನು ಹೇಳುತ್ತಿವೆ ನೋಡಿ. ಇವತ್ತು ತಿಳಿಯದಿದ್ದರೆ ನಾಳೆ ಮತ್ತೆ ಕೇಳಿ. ಅವರು ಬೇಡಿದ್ದೆಲ್ಲ ಕೊಡಲು ನಿಮ್ಮಿಂದ ಆಗದೇ ಇರಬಹುದು. ಪಕ್ಕದಲ್ಲಿ ಕೂತು ಕಿವಿಗೊಡಲು ಖಂಡಿತ ಆಗುತ್ತದೆ.