ಅಣ್ಣಾರಾಯರ ಮಾಳಿಗೆಯ ಮೇಲೆ ಜೋಳ

ಮಾದನಹಿಪ್ಪರಗಾದ ಅಣ್ಣಾರಾಯರ ಬಾಯಲ್ಲಿ ಎದ್ದರೆ ಕೂತರೆ ಬರುವ ಮಾತು ಒಂದೇ: "ಯಾರನ್ನರ ಕರೀರಿ." ಹೊರಸಿನ ಹಗ್ಗ ಸಡಿಲವಾಯಿತೇ? ಯಾರನ್ನರ ಕರೀರಿ. ಕಂದೀಲಿನ ಬತ್ತಿ ಒಳಗೆ ಬಿದ್ದುಹೋಯಿತೇ? ಯಾರನ್ನರ ಕರೀರಿ. ಒಮ್ಮೆ ಅವರ ಧೋತರದ ಚುಂಗು ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಾಗಲೂ ನಿಂತಲ್ಲೇ ನಿಂತು ಇದನ್ನೇ ಕೂಗಿದರೆಂದು ಅವರ ಹೆಂಡತಿ ಅಂಬುಬಾಯಿ ಹೇಳುತ್ತಾಳೆ. ಅಂಬುಬಾಯಿ ಸುಳ್ಳು ಹೇಳುವ ಹೆಂಗಸಲ್ಲ.

ಹಾಗೆಂದು ಅಣ್ಣಾರಾಯರು ಮೈಗಳ್ಳರೇನೂ ಅಲ್ಲ. ಹೊಲಕ್ಕೆ ಹೋಗುತ್ತಾರೆ, ಆಳಂದದ ಪೇಟೆಗೆ ತೊಗರಿ ಹಾಕಿ ಬರುತ್ತಾರೆ. ಆದರೆ ಮನೆಯ ಸಣ್ಣಪುಟ್ಟ ಕೆಲಸಕ್ಕೆ ಕೈ ಹಚ್ಚಿದರೆ ತಲೆಯ ಮೇಲಿನ ರುಮಾಲಿನ ಮರ್ಯಾದೆ ಹೋಗುತ್ತದೆ ಎಂದು ಅವರು ನಂಬಿದ್ದರು. ನಮ್ಮ ಊರಲ್ಲಿ ಹೀಗೆ ನಂಬಿದವರು ಅವರೊಬ್ಬರೇ ಅಲ್ಲ. ಹೆಸರು ಹೇಳುವುದು ಬೇಡ.

ನಮ್ಮ ಕಡೆಯ ಮನೆ ನಿಮಗೆ ಗೊತ್ತೇ ಇದೆ. ಕಲ್ಲಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮಿರುಗದ, ಅಂದರೆ ಮೃಗಶಿರಾ ಮಳೆ ಬರುವ ಮೊದಲು ವರ್ಷಕ್ಕೊಮ್ಮೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯಬೇಕು. ಹಾಕದಿದ್ದರೆ ಮಳೆ ಅಂಗಳದಲ್ಲಿ ನಿಂತರೂ ಮನೆಯೊಳಗೆ ನಿಲ್ಲುವುದಿಲ್ಲ. ಅಣ್ಣಾರಾಯರ ಮನೆಯಲ್ಲಿ ಈ ಕೆಲಸ ಆಳು ಪೀರಪ್ಪನದು. ಆದರೆ ಈ ವರ್ಷ ಪೀರಪ್ಪನಿರಲಿಲ್ಲ. ಯುದ್ಧ ಶುರುವಾದ ಮೇಲೆ ಸೊಲ್ಲಾಪುರದ ಗಿರಣಿಗಳಲ್ಲಿ ಕೈತುಂಬ ಕೆಲಸ. ಊರಿನ ಗಟ್ಟಿ ಆಳುಗಳೆಲ್ಲ ಗಂಟು ಕಟ್ಟಿಕೊಂಡು ಅತ್ತ ಹೋದರು. ಪೀರಪ್ಪನೂ ಹೋದ.

ಮಾಳಿಗೆ ಸೋರುವುದು ಈ ಸಲ ಸಣ್ಣ ಮಾತಾಗಿರಲಿಲ್ಲ. ಗೊಬ್ಬೂರಕ್ಕೆ ಕೊಟ್ಟ ಒಬ್ಬಳೇ ಮಗಳು ಗುರುಬಾಯಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳು ಬಂದ ದಿನದಿಂದ ಅಣ್ಣಾರಾಯರಿಗೆ ಊಟ ರುಚಿಸುತ್ತಿತ್ತು, ನಿದ್ದೆ ಹತ್ತುತ್ತಿತ್ತು. ಐದು ತಿಂಗಳ ಬಾಣಂತನ ಮುಗಿಸಿಯೇ ಕಳಿಸಬೇಕೆಂದು ಅವರ ಆಸೆ. ಆದರೆ ಅವಳ ಅತ್ತೆ ರುಕ್ಮಿಣಿಬಾಯಿ ಕಟ್ಟುನಿಟ್ಟಿನ ಹೆಂಗಸು. ಸೊಸೆಯನ್ನು ಗಾಡಿ ಹತ್ತಿಸುವಾಗಲೇ ಹೇಳಿದ್ದಳು:

"ಬಾಣಂತಿ ಖೋಲಿ ಬೆಚ್ಚಗಿರಬೇಕು ನೋಡ್ರಿ ಬೀಗರ. ತೊಟ್ಟಿಲಿಗಿ ಬಂದಾಗ ನನ್ನ ಕಣ್ಣಿಗಿ ಒಂದು ಹನಿ ಬಿತ್ತಂದ್ರ, ಅವತ್ತೇ ತಾಯಿ ಮಗೂನ ಗಾಡಿಯಾಗ ಹಾಕ್ಕೊಂಡು ಹೋಗ್ತೇನಿ."

ಬಿರುಬೇಸಿಗೆಯಲ್ಲಿ ಒಂದು ಸಂಜೆ ಅಡ್ಡಮಳೆ ಬಂತು. ಅಣ್ಣಾರಾಯರು ಊಟಕ್ಕೆ ಕೂತಿದ್ದರು. ಮೊದಲನೆಯ ಹನಿ ಬೋಳುತಲೆಯ ಮೇಲೆ ಬಿತ್ತು. ಸ್ವಲ್ಪ ಸರಿದು ಕೂತರು. ಎರಡನೆಯದು ಬೇಳೆಯಲ್ಲಿ ಬಿತ್ತು.

"ಮಾಳಿಗಿ ಸೋರಾಕತ್ತದ್ರಿ," ಎಂದಳು ಅಂಬುಬಾಯಿ.

"ಯಾರನ್ನರ ಕರೀರಿ."

"ಯಾರನ್ನ ಕರೀಲಿ? ಕರೆಸಿಕೊಳ್ಳೋರೆಲ್ಲ ಸೊಲ್ಲಾಪುರದಾಗ ಅದಾರ."

ಅಣ್ಣಾರಾಯರು ಆಳಂದಕ್ಕೆ ಹೇಳಿ ಕಳಿಸಿದರು. "ನಾಳೆ ಬರ್ತೀವಿ" ಎಂಬ ಉತ್ತರ ಬಂತು. ಆಳು ಬರಲಿಲ್ಲ. ಮತ್ತೆ ಹೇಳಿ ಕಳಿಸಿದರು. ಮತ್ತೆ ಅದೇ ಉತ್ತರ ಬಂತು.

ಅತ್ತ ಪಕ್ಕದ ಮನೆಯ ಮಾಳಿಗೆಯ ಮೇಲೆ ಜೈತುನಬಿ ಸೀರೆ ಎತ್ತಿ ಕಟ್ಟಿ ಮಣ್ಣು ಹರಡುತ್ತಿದ್ದಳು. ಅವಳ ಗಂಡ ಉಸ್ಮಾನಸಾಬ ಬಾಡಿಗೆ ಗಾಡಿ ಹೊಡೆಯುತ್ತ ವಾರಗಟ್ಟಲೆ ಊರೂರು ತಿರುಗುವವನು. ಅವನು ಬರಲಿ ಎಂದು ಕಾದರೆ ಮಳೆ ಕಾಯುತ್ತದೆಯೇ? ಹಾಗೆ ಕಲಿತ ವಿದ್ಯೆ ಅವಳದು.

"ಅಣ್ಣಾ, ಬೇಕಾದ್ರ ನಾ ತೋರಿಸ್ತೇನಿ ಬರ್ರಿ," ಎಂದು ಮೇಲಿನಿಂದಲೇ ಕೂಗಿದಳು. "ಭಾಳ ತಕಲೀಫಿನ ಕೆಲಸೇನಲ್ಲ."

"ನಾ ಮಾಳಿಗಿ ಏರೋದಾ ತಂಗಿ? ನೋಡಿದ ಮಂದಿ ಏನಂದಾರು?"

"ಸೋರೋದು ನೋಡಿದ್ರ ಏನಂದಾರು ಅಣ್ಣಾ?"

ಮಾತಿನಲ್ಲಿ ಸೋತಾಗ ಅಣ್ಣಾರಾಯರು ಕೆಮ್ಮುತ್ತಿದ್ದರು. ಕೆಮ್ಮಿ ಒಳಗೆ ಹೋದರು.

ಆದರೆ ಆ ಮಾತು ಒಳಗೆ ಕೂತು ಕುಟುಕತೊಡಗಿತು. ಕೊನೆಗೆ ಒಂದು ಮಧ್ಯಾಹ್ನ, ನಾಯಿ ಕೂಡ ನೆರಳು ಬಿಟ್ಟು ಬರದಂಥ ಬಿಸಿಲಲ್ಲಿ, ಊರೆಲ್ಲ ಒಳಗೆ ಮಲಗಿದ್ದಾಗ ಅಣ್ಣಾರಾಯರು ಕಳ್ಳನಂತೆ ನಿಚ್ಚಣಿಕೆ ಏರಿದರು. ಯಾವ ಮಣ್ಣು ಎಂದು ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ರುಮಾಲು ಏನಾಗಬೇಕು? ಹಿತ್ತಲ ಆಚೆಯೇ ಅವರ ಕಣ. ಕಣದ ಅಂಚಿನ ಕರಿ ಎರೆಮಣ್ಣು ಕೈಗೆಟಕುವಷ್ಟು ಹತ್ತಿರ. ಬುಟ್ಟಿ ಬುಟ್ಟಿ ಹೊತ್ತು ಸುರಿದರು, ಕಾಲಲ್ಲಿ ತುಳಿದರು. ಮಾಳಿಗೆಯ ನೀರು ಹೊರಗೆ ಬೀಳಲೆಂದು ಗೋಡೆಯಂಚಿನಲ್ಲಿ ಕಲ್ಲಿನ ದೋಣಿ ಇರುತ್ತದಲ್ಲ, ಅದರ ಬಾಯಿಗೂ ಒಂದು ಬುಟ್ಟಿ ಮೆತ್ತಿದರು. ತೂತು ಇದ್ದರೆ ನೀರು ಒಳಗೆ ಬರುವುದಿಲ್ಲವೇ ಎಂದು ಅವರ ಲೆಕ್ಕ.

ಕೆಳಗೆ ಇಳಿದು ಬಂದು, ಬೆವರು ಒರೆಸಿಕೊಂಡು, "ಮುಗೀತು. ಇದೇನು ದೊಡ್ಡ ಕೆಲಸಬೇ?" ಎಂದರು. ಅಂಬುಬಾಯಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮದುವೆಯಾದಾಗಿನಿಂದ ಅವರ ಅಂಗೈಗೆ ಮಣ್ಣು ಹತ್ತಿದ್ದನ್ನು ಅವಳು ಕಂಡಿರಲಿಲ್ಲ.

ಗುರುಬಾಯಿ ಗಂಡುಮಗು ಹೆತ್ತಳು. ನಡುವೆ ಎರಡು ಸಣ್ಣ ಹದಮಳೆ ಬಂದು ಹೋದವು. ಮನೆ ಸೋರಲಿಲ್ಲ. ಅಣ್ಣಾರಾಯರು ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಮಾಳಿಗೆಯ ವಿಷಯದಲ್ಲಿ ಬುದ್ಧಿ ಹೇಳತೊಡಗಿದರು.

ಆಗೊಂದು ಬೆಳಿಗ್ಗೆ ಬಾಣಂತಿ ಖೋಲಿಯಿಂದ ಗುರುಬಾಯಿ ಚೀರಿದಳು. ಎಲ್ಲರೂ ಓಡಿದರು. ಮಾಳಿಗೆಯ ಬೆಳಕಿಂಡಿಯಿಂದ ಗಡ್ಡದ ಮುಖವೊಂದು ಮಗುವನ್ನೇ ಇಣುಕಿ ನೋಡುತ್ತಿತ್ತು.

"ಯಾರಂವ? ಇಳಿ ಕೆಳಗ!" ಎಂದು ಅಣ್ಣಾರಾಯರು ಗರ್ಜಿಸಿದರು.

"ಮ್ಯಾ," ಎಂದಿತು ಗಡ್ಡ.

ಅದು ಜೈತುನಬಿಯ ಹೋತ. ಹಿತ್ತಲ ಬಣವೆಯ ಮೇಲಿಂದ ಮಾಳಿಗೆಗೆ ಜಿಗಿದಿತ್ತು. ಸುಮ್ಮನೆ ಜಿಗಿಯಲು ಅದಕ್ಕೇನು ಹುಚ್ಚೇ? ಕಣದ ಮಣ್ಣಿನಲ್ಲಿ ಉದುರಿದ್ದ ಜೋಳವೆಲ್ಲ ಮೊಳೆತು ಅಣ್ಣಾರಾಯರ ಮಾಳಿಗೆ ಹಚ್ಚಗೆ ನಿಂತಿತ್ತು. ಸುದ್ದಿ ಊರೆಲ್ಲ ಹಬ್ಬಿತು. ಧರ್ಮಣ್ಣ ಎಂಬ ಹಳೇ ಗೆಳೆಯ ಬೇಕೆಂದೇ ಬಂದು, "ರಾಯರ, ರಾಶಿ ಯಾವಾಗ?" ಎಂದು ಕೇಳಿ ಹೋದ.

ಹೋತವನ್ನು ಇಳಿಸಲು ಏರಿದ ಜೈತುನಬಿ ಮಾತ್ರ ನಗಲಿಲ್ಲ. ಕೆಳಗೆ ಬಂದು ಹೇಳಿದಳು: "ಅಣ್ಣಾ, ಬಿಸಿಲಿಗಿ ಮಣ್ಣು ಸೀಳಿ ನನ್ನ ಬೆರಳು ಹೋಗುವಷ್ಟು ಬಿರುಕು ಬಿಟ್ಟದ. ದೋಣಿ ಬಾಯಿ ಬ್ಯಾರೆ ಮುಚ್ಚೀರಿ. ದೊಡ್ಡ ಮಳಿ ಬಂತಂದ್ರ ಹೈರಾಣ ಆಗ್ತೀರಿ."

"ಎರಿ ಮಣ್ಣಂದ್ರ ಬಂಗಾರ ತಂಗಿ! ಹೊಲದಾಗ ನೀರು ಹಿಡಿಯೋ ಮಣ್ಣು ಮಾಳಿಗಿ ಮ್ಯಾಲೆ ಹಿಡಿಯಂಗಿಲ್ಲೇನು?"

"ಹಿಡೀತದ. ಹಿಡಕೊಂಡೇ ಕೂಡ್ತದ. ಹೊಲಕ್ಕ ಹಿಡಿಯೋ ಮಣ್ಣು ಬೇಕು, ಮಾಳಿಗಿಗಿ ಹರಿಬಿಡೋ ಮಣ್ಣು ಬೇಕು."

ಅಣ್ಣಾರಾಯರು ಕೆಮ್ಮಿ ಒಳಗೆ ಹೋದರು.

ಮಿರುಗ ಹೊತ್ತಿಗೆ ಸರಿಯಾಗಿ ಬಂತು, ಹಾಡುಹಗಲಿನಲ್ಲೇ. ಮೊದಲು ಮಾಳಿಗೆ ಕುಡಿಯಿತು. ಆಮೇಲೆ ಕುಡಿದದ್ದನ್ನೆಲ್ಲ ಕೆಳಗೆ ಬಿಟ್ಟಿತು. ಪಡಸಾಲೆಯಲ್ಲಿ ಸೋರಿತು, ಅಡುಗೆಮನೆಯಲ್ಲಿ ಸೋರಿತು. ಕೊಡ, ತಪ್ಪಲೆ, ಪರಾತ, ಮನೆಯ ಪಾತ್ರೆಗಳೆಲ್ಲ ನೆಲದ ಮೇಲೆ ಸಾಲಾಗಿ ಕೂತು ಟಣ್ ಟಣ್ ಅಂದವು. ಕೊನೆಗೆ ಬಾಣಂತಿ ಖೋಲಿಯಲ್ಲೂ ಹನಿ ಬಿತ್ತು. ಹೊರಸನ್ನು ಈ ಮೂಲೆಗೆ ಎಳೆದರೆ ಹನಿ ಈ ಮೂಲೆಗೆ, ಆ ಮೂಲೆಗೆ ಎಳೆದರೆ ಆ ಮೂಲೆಗೆ. ಗುರುಬಾಯಿ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಗೆ ಅಂಟಿ ಕೂತಳು. ಎಳೆಗೂಸಿನ ಕಾಲು ತಣ್ಣಗಾಗಿತ್ತು.

ಅಣ್ಣಾರಾಯರು ಆ ಕಾಲು ಮುಟ್ಟಿ ನೋಡಿದರು. ಬೀಗತಿಯ ಗಾಡಿ ಮರೆತುಹೋಯಿತು, ರುಮಾಲೂ ಮರೆತುಹೋಯಿತು. ಅಂಗಳಕ್ಕೆ ಓಡಿ, ಮಳೆಯಲ್ಲೇ ನಿಂತು, "ಯಾರನ್ನರ ಕರೀರಿ!" ಎಂದು ಕೂಗಿದರು. ಕೂಗಿದ ಮೇಲೆ ಕರೆಯಲು ಯಾರೂ ಇಲ್ಲವೆಂಬುದು ನೆನಪಾಯಿತು.

ಜೈತುನಬಿ ಆಗಲೇ ತನ್ನ ಮಾಳಿಗೆಯಿಂದ ಇವರ ಮಾಳಿಗೆಗೆ ದಾಟಿದ್ದಳು. ಮೊಣಕಾಲುದ್ದ ಕೆಸರಿನ ಕೆರೆ. ಅವಳು ದೋಣಿಯ ಬಾಯಿಗೆ ಕೋಲು ಹಾಕಿ ತಿವಿಯುತ್ತ ಕೂಗಿದಳು: "ಅಣ್ಣಾ, ದೋಣಿ ಕೆಳಗ ನಿಂದರಬ್ಯಾಡ್ರಿ!"

"ಏನಂದಿ ತಂಗಿ?" ಎಂದು ಅಣ್ಣಾರಾಯರು ಸರಿಯಾಗಿ ಕೇಳಿಸಿಕೊಳ್ಳಲು ದೋಣಿಯ ಕೆಳಗೇ ಬಂದು ತಲೆ ಎತ್ತಿದರು.

ಮೂರು ಬುಟ್ಟಿ ಎರೆಮಣ್ಣು, ಕೆರೆಯ ನೀರು, ಅರ್ಧ ಜೋಳದ ಬೆಳೆ, ಎಲ್ಲ ಒಮ್ಮೆಲೇ ಇಳಿಯಿತು. ಅಂಬುಬಾಯಿ ಹೊರಗೆ ಬಂದು ನೋಡಿದಾಗ ಕಣ್ಣೆರಡು ಬಿಟ್ಟರೆ ಗಂಡನೆಂದು ಗುರುತು ಹಿಡಿಯಲು ಏನೂ ಉಳಿದಿರಲಿಲ್ಲ. ಆ ಹೊತ್ತಿನಲ್ಲೂ ಅವಳಿಗೆ ನಗು ಬಂತು. ಅಣ್ಣಾರಾಯರಿಗೂ ಬಂತು, ಆದರೆ ಬಾಯಿ ತೆರೆಯುವಂತಿರಲಿಲ್ಲ.

ಮಳೆ ನಿಂತಿತು. ಅಣ್ಣಾರಾಯರು ಮುಖ ತೊಳೆದುಕೊಂಡು ನೆಟ್ಟಗೆ ಜೈತುನಬಿಯ ಬಾಗಿಲಿಗೆ ಹೋಗಿ ನಿಂತರು. "ತಂಗಿ, ಕಲಿಸು," ಎಂದರು. ಕೆಮ್ಮಲಿಲ್ಲ.

ಕಲಿಯುವುದು ಬಹಳವೇನೂ ಇರಲಿಲ್ಲ. ಮೊದಲು ಎರೆಮಣ್ಣನ್ನೆಲ್ಲ ಕೆರೆದು ಇಳಿಸಿದರು. ಮಾಳಿಗೆ ಆರುವವರೆಗೆ ಕಾದರು. ಆಮೇಲೆ ಜೈತುನಬಿ ಹಳ್ಳದ ದಂಡೆಯ ಬಿಳಿ ನೆಲಕ್ಕೆ ಕರೆದುಕೊಂಡು ಹೋದಳು. ಗಿಡ ಇಲ್ಲ, ಹುಲ್ಲಿಲ್ಲ, ಬರೀ ಬೂದಿಯಂಥ ಮಣ್ಣು.

"ಇದು ಸವಳು ಮಣ್ಣು. ಚಿಟಿಕಿ ತೊಗೊಂಡು ನಾಲಿಗಿ ಮ್ಯಾಲೆ ಇಟ್ಟು ನೋಡ್ರಿ."

"ಮಣ್ಣು ತಿನ್ನಲೇನು?"

"ಮೊನ್ನಿ ದೋಣಿ ಕೆಳಗ ನಿಂತು ಅಷ್ಟು ತಿಂದ್ರಿ, ಇದೊಂದು ಚಿಟಿಕಿ ಹೆಚ್ಚಾಯ್ತೇನು?"

ಅಣ್ಣಾರಾಯರು ನಾಲಿಗೆಗೆ ಇಟ್ಟರು. ಉಪ್ಪುಪ್ಪು. "ಅದಕ್ಕೇ ಇದರಾಗ ಏನೂ ಹುಟ್ಟಂಗಿಲ್ಲ," ಎಂದಳು ಜೈತುನಬಿ. "ನೀರು ಬಿದ್ರ ಬಿರುಕು ಬಿಡಂಗಿಲ್ಲ, ಮುಚ್ಚಿಕೊಂತದ. ಒಣ ಮಣ್ಣು ತಂದು, ಹೆಂಟಿ ಒಡದು, ಸಾಣಿಸಿ ಹರಡ್ರಿ. ಎಲ್ಲಾ ಕಡಿಂದೂ ದೋಣಿ ಕಡಿ ಇಳಿಜಾರ ಇರಲಿ. ಬಡಿಗಿಲೆ ಬಡದು ಗಟ್ಟಿ ಮಾಡ್ರಿ. ದೋಣಿ ಬಾಯಿ ಸಾಫ್ ಇಡ್ರಿ. ಇಷ್ಟೇ."

ಅಣ್ಣಾರಾಯರು ಹೊತ್ತರು, ಸಾಣಿಸಿದರು, ಹರಡಿದರು, ಬಡಿದರು. ಈ ಸಲ ಹಾಡುಹಗಲಲ್ಲಿ, ಊರೆಲ್ಲ ನೋಡುತ್ತಿರುವಾಗ. ಅಂಬುಬಾಯಿ ಬುಟ್ಟಿ ತುಂಬಿ ಕೊಟ್ಟಳು. ಅಂಗೈಯಲ್ಲಿ ಬೊಕ್ಕೆ ಎದ್ದವು. ಊಟ ಮಾತ್ರ ಎಂದಿಗಿಂತ ಎರಡು ರೊಟ್ಟಿ ಹೆಚ್ಚು ಹೋಯಿತು.

ತೊಟ್ಟಿಲ ದಿನ ರುಕ್ಮಿಣಿಬಾಯಿ ಬಂದಳು. ಬೀಳಲೇಬೇಕೆಂಬಂತೆ ಅದೇ ಹೊತ್ತಿಗೆ ಮಳೆಯೂ ಬಿತ್ತು. ಅವಳು ಬಾಣಂತಿ ಖೋಲಿಯ ನಟ್ಟನಡುವೆ ಕೂತು ಕತ್ತು ಎತ್ತಿ ಜಂತಿಗಳನ್ನೇ ನೋಡತೊಡಗಿದಳು. ಅಂಬುಬಾಯಿಯೂ ನೋಡಿದಳು. ಅಣ್ಣಾರಾಯರೂ ನೋಡಿದರು. ಜೋಗುಳ ಹಾಡಲು ಬಂದ ಹೆಂಗಸರೂ ಹಾಡು ಬಿಟ್ಟು ಮೇಲೆ ನೋಡಿದರು. ಹೊರಗೆ ದೋಣಿಯಿಂದ ನೀರು ಧೋ ಎಂದು ಸುರಿಯುತ್ತಿತ್ತು. ಒಳಗೆ ಒಂದು ಹನಿಯೂ ಇಲ್ಲ. ಮಗು ಆಕಳಿಸಿತು.

"ಬೇಶ್ ಮಾಳಿಗಿ," ಎಂದಳು ರುಕ್ಮಿಣಿಬಾಯಿ, ಕತ್ತು ತಿಕ್ಕಿಕೊಳ್ಳುತ್ತ. "ನಮ್ಮದು ಜರಡಿ ಆಗ್ಯದ. ಆಳು ಸಿಗವಲ್ರು. ನಿಮ್ಮ ಆಳನ್ನ ಗೊಬ್ಬೂರಕ್ಕ ಕಳಸ್ರಿ ಬೀಗರ. ಕೂಲಿ ಏನು ಕೇಳ್ತಾನಂವ?"

ಅಂಬುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಣ್ಣಾರಾಯರು ಬೊಕ್ಕೆ ಎದ್ದ ಎರಡೂ ಅಂಗೈಗಳನ್ನು ಬೀಗತಿಯ ಮುಂದೆ ಚಾಚಿದರು.

"ಆಳು ಇಲ್ಲೇ ಅದಾನ್ರಿ. ಮಳಿ ನಿಂತ ಮರುದಿನವೇ ಬರ್ತಾನ. ರೊಕ್ಕ ಬ್ಯಾಡ. ಐದು ತಿಂಗಳ ತನಕ ಮಗಳನ್ನ, ಮೊಮ್ಮಗನ್ನ ಇಲ್ಲೇ ಬಿಡ್ರಿ. ಅದೇ ಅವನ ಕೂಲಿ."

ರುಕ್ಮಿಣಿಬಾಯಿ ಆ ಕೈಗಳನ್ನು ನೋಡಿದಳು, ಇನ್ನೊಮ್ಮೆ ಮಾಳಿಗೆ ನೋಡಿದಳು. "ಆಯ್ತು," ಎಂದಳು. "ಆದರ ನಮ್ಮ ಮಾಳಿಗಿಗಿ ಹಾಕೋದು ಸವಳು ಮಣ್ಣು ಹೌದೋ ಅಲ್ಲೋ ನಾ ಪರೀಕ್ಷಾ ಮಾಡ್ತೇನಿ."

"ಮಾಡ್ರಿ, ಜರೂರ ಮಾಡ್ರಿ," ಎಂದರು ಅಣ್ಣಾರಾಯರು. "ನಾಲಿಗಿ ಮ್ಯಾಲೆ ಇಟ್ಟು ನೋಡಬೇಕಾಗ್ತದ."

ಅಕ್ಕಂದಿರೇ, ಅಣ್ಣಂದಿರೇ, ಯುದ್ಧದ ಕಾಲ ಇದು. ಕರೆದಾಗ ಬರುವ ಆಳು ಎಲ್ಲರಿಗೂ ಸಿಗುವುದಿಲ್ಲ, ಮಳೆ ಮಾತ್ರ ಕರೆಯದೆಯೇ ಬರುತ್ತದೆ. ಒಣ ಸವಳು ಮಣ್ಣು ಒಂದಿಷ್ಟು ಮನೆಯ ಮೂಲೆಯಲ್ಲಿ ಕೂಡಿಡಿ. ನಿಚ್ಚಣಿಕೆಯ ಮೆಟ್ಟಿಲು ಗಟ್ಟಿ ಇದೆಯೇ ನೋಡಿ, ಹೊರಸಿನ ಹಗ್ಗ ನೀವೇ ಬಿಗಿಯಿರಿ. ಬಾರದಿದ್ದರೆ ಬಲ್ಲವರ ಬಾಗಿಲಿಗೆ ಹೋಗಿ ಕೇಳಿರಿ, ಕೇಳಿದರೆ ರುಮಾಲು ಬೀಳುವುದಿಲ್ಲ. ಈಗ, ಇದನ್ನು ಓದಿದವರೂ ಓದಿಸಿ ಕೇಳಿದವರೂ, ಕೂತಲ್ಲೇ ಒಮ್ಮೆ ತಲೆ ಎತ್ತಿ ನಿಮ್ಮ ಮಾಳಿಗೆ ನೋಡಿಕೊಳ್ಳಿ. ಅದರ ಕೆಳಗೆ ಮಲಗುವವರು ನಿಮ್ಮವರೇ.