ಒರೆಸದ ಗಾಜು

ಎರಡನೆಯ ಸಲವೂ ನೀರು ಗಾಜಿನ ಮೇಲೆ ಹರಡಿಕೊಂಡಿತು. ಬಕೆಟ್ಟಿನಿಂದ ಎರಚಿದ್ದರಲ್ಲಿ ಒಂದು ಹನಿಯೂ ಉರುಳಲಿಲ್ಲ. ತೆಳುವಾಗಿ ಅಂಟಿ ಎದುರಿನ ದಡವನ್ನೇ ಅಳಿಸಿಹಾಕಿತು. ಚಾಲಕನ ಕೋಣೆಯಲ್ಲಿ ನಿಂತಿದ್ದ ದೋಣಿ ಕಚೇರಿಯ ಮೇಲ್ವಿಚಾರಕರು ಚಾಲಕನ ತಂಗಿಯ ಕಡೆ ತಿರುಗಿದರು.

"ಏನಮ್ಮ, ಕಾರ್ಖಾನೇಲಿ ಮುತ್ತಿನ ಹಾಗೆ ಉರುಳ್ತಿತ್ತಲ್ಲ? ದೋಣಿ ಹತ್ತಿದ್ರೆ ನೀರಿಗೂ ತಲೆ ಸುತ್ತುತ್ತಾ?"

ತಂಗಿ ಬಣ್ಣದ ಕಾರ್ಖಾನೆಯ ರಸಾಯನತಜ್ಞೆ. ಯಂತ್ರದೋಣಿ ನಡೆಸುವವನು ಅವಳ ಅಣ್ಣ. ಮಳೆ ಹಿಡಿದರೆ ಮುಂದಿನ ಗಾಜು ಮಸುಕಾಗುತ್ತಿತ್ತು. ವೈಪರು ಹಾಕಿದರೆ ಗಾಜಿಗೆ ಕೂತ ಉಪ್ಪನ್ನೇ ಉಜ್ಜಿ ಗೀರು ಬೀಳಿಸುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ದೋಣಿ ನೀರಿನಲ್ಲಿ ದಾರಿ ತೋರುವ ಕಂಬವೊಂದಕ್ಕೆ ಬಡಿದ ಮೇಲೆ, ಮಳೆಯಲ್ಲಿ ಬಿಡಲೇಕೂಡದೆಂಬ ಮಾತು ಕಚೇರಿಯಲ್ಲಿ ಎದ್ದಿತ್ತು. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ. ಅದಕ್ಕೇ ತಂಗಿ ನೀರು ನಿಲ್ಲದ ಲೇಪವೊಂದನ್ನು ತಯಾರಿಸಿ ಗಾಜಿಗೆ ಬಳಿದಿದ್ದಳು.

"ನಾಳೆ ಇನ್ನೊಂದು ಸಲ ನೋಡ್ತೀನಿ. ಆಮೇಲೆ ನನ್ನ ಕೈಲಿ ಏನೂ ಇಲ್ಲ," ಎಂದು ಮೇಲ್ವಿಚಾರಕರು ಇಳಿದುಹೋದರು.

ಮರುದಿನ ಬೆಳಗ್ಗೆ ತಂಗಿ ಆ ಲೇಪದ ಪಾಲಿಮರ್ ದ್ರಾವಣವನ್ನು ಮತ್ತೆ ಗಾಜಿಗೆ ಸಿಂಪಡಿಸಿ, ಬಿಸಿಗಾಳಿಯಲ್ಲಿ ಒಣಗಿಸಿದಳು. ಒಣಗುತ್ತ ಬಂದಂತೆ ಅದರ ಮೈಮೇಲೆ ಕಣ್ಣಿಗೆ ಕಾಣದ ಉಬ್ಬುಗಳೇಳಬೇಕು. ಆ ತುದಿಗಳ ಮೇಲೆ ಹನಿ ನಿಲ್ಲಬೇಕು, ಅಡಿಯಲ್ಲಿ ಗಾಳಿ ಉಳಿಯಬೇಕು. ನೀರಿಗೆ ಬೆರಳದ್ದಿ ಒಂದು ಹನಿ ಬಿಟ್ಟಳು. ಅದು ದುಂಡಗಾಗಿ, ಗುರುತೂ ಉಳಿಸದೆ ಜಾರಿ ಓಡಿತು. ನೆಮ್ಮದಿಯಿಂದ ಚಹಾ ತರಲು ಹೋದಳು.

ಬಂದು ನೋಡಿದರೆ ಅಣ್ಣ ಮೆತ್ತನೆಯ ಬಟ್ಟೆ ಹಿಡಿದು ಗಾಜನ್ನು ಒರೆಸುತ್ತಿದ್ದ. ಕೈ ತೊಳೆಯುವುದನ್ನು ಮರೆತಾನು, ಗಾಜು ಒರೆಸದೆ ಚುಕ್ಕಾಣಿ ಮುಟ್ಟುವವನಲ್ಲ. ದಡದವರು ಅವನನ್ನು ಕರೆಯುತ್ತಿದ್ದದ್ದೇ ಒರೆಸಣ್ಣನೆಂದು.

"ಅಣ್ಣ, ಏನ್ ಮಾಡ್ತಿದೀಯ?"

"ನೀನು ಇಷ್ಟು ಕಷ್ಟಪಟ್ಟು ಬಳಿದಿದೀಯ. ದೊಡ್ಡವರು ಬರೋ ಹೊತ್ತಿಗೆ ಧೂಳು ಕೂತಿದ್ರೆ ಚೆನ್ನಾಗಿರುತ್ತಾ?"

"ಹೋದ ಸಲಾನೂ ಒರೆಸಿದ್ಯಾ?"

"ಹೋದ ಸಲ ಇನ್ನೂ ಚೆನ್ನಾಗಿ ಒರೆಸಿದ್ದೆ."

ಅವಳು ಚಹಾ ಕೆಳಗಿಟ್ಟಳು. ಮೊದಲು ಕೋಪ ನೆತ್ತಿಗೇರಿತು. ಅದು ಬಾಯಿಗಿಳಿಯುವಷ್ಟರಲ್ಲಿ ನಗುವಾಗಿತ್ತು. ಅವಳು ಕಟ್ಟಿದ ಉಬ್ಬುಗಳನ್ನೆಲ್ಲ ಅಣ್ಣ ಪ್ರೀತಿಯಿಂದ ಸವರಿ ಸಪಾಟು ಮಾಡಿದ್ದ.

"ನೀನು ಒರೆಸಬಾರದು ಅಂತಾನೇ ಅಲ್ವಾ ಮಾರಾಯ, ನಾನು ಇದನ್ನ ಮಾಡಿದ್ದು."

"ಮೊದಲೇ ಹೇಳೋದಲ್ವಾ? ಓದಿದವಳು, ಬಾಯಿಗೆ ಬೀಗ ಹಾಕ್ಕೊಂಡಿದ್ರೆ ನನಗೇನು ಗೊತ್ತಾಗುತ್ತೆ?"

ಅವಳು ಹೇಳಿರಲಿಲ್ಲ, ನಿಜ. ಡಬ್ಬಿಯ ತಳದಲ್ಲಿ ಇನ್ನೊಂದು ಸಲ ಬಳಿಯಲು ಸಾಲುವಷ್ಟೇ ದ್ರಾವಣ ಉಳಿದಿತ್ತು. ಗಾಜು ತೊಳೆದು ಅದನ್ನೂ ಸಿಂಪಡಿಸಿದಳು. ಒಣಗುವವರೆಗೆ ಅಣ್ಣ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ.

ಸಂಜೆ ಮೇಲ್ವಿಚಾರಕರು ಹತ್ತಿದಾಗ ಬಕೆಟ್ಟು ಬೇಕಾಗಲಿಲ್ಲ. ನಡುನೀರಿಗೆ ಬರುವಷ್ಟರಲ್ಲಿ ಮಳೆಯೇ ಹೊಯ್ಯತೊಡಗಿತು. ಮೊದಲ ಹನಿ ಗಾಜಿಗೆ ಬಿದ್ದದ್ದೇ ಅಣ್ಣನ ಬಲಗೈ ತಾನಾಗಿ ಜೇಬಿನ ಬಟ್ಟೆಗೆ ಹೋಯಿತು.

"ಕೈ," ಎಂದಳು ತಂಗಿ.

ಕೈ ಚುಕ್ಕಾಣಿಗೆ ಮರಳಿತು. ಹನಿಗಳು ಬಿದ್ದವು, ದುಂಡಗಾದವು, ಒಂದರ ಹಿಂದೊಂದು ಉರುಳಿ ಹೊರಟುಹೋದವು. ನಡುವೆ ಗಾಜೇ ಇಲ್ಲವೆಂಬಂತೆ ಆಚೆ ದಡ ಕಾಣುತ್ತಿತ್ತು. ಮೇಲ್ವಿಚಾರಕರು ನಂಬದೆ ಪಕ್ಕದ ಬಾಗಿಲಿನಿಂದ ತಲೆ ಹೊರಹಾಕಿ ನೋಡಿ, ತೊಯ್ದು ಒಳಬಂದರು.

"ಮುಂದಿನ ಕಂಬದ ಬಣ್ಣ ಹೇಳ್ರಿ."

"ಕೆಂಪು ಸ್ವಾಮಿ. ಮೇಲೆ ಕೂತಿರೋ ಹಕ್ಕಿ ಕೊಕ್ಕು ಹಳದಿ. ಬಾಯಲ್ಲಿ ಮೀನಿದೆ. ಮೀನಿನ ಬಣ್ಣಾನೂ ಬೇಕಾ?"

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ರಾತ್ರಿ ಪಾಳಿಗೆ ಹೊರಟಿದ್ದ ನರ್ಸಮ್ಮ ಚಪ್ಪಾಳೆ ತಟ್ಟಿದರು. ನೋಡುನೋಡುತ್ತ ಇಡೀ ದೋಣಿ ತಟ್ಟಿತು. ಅಣ್ಣ ಉದ್ದಕ್ಕೆ ಹಾರನ್ ಒತ್ತಿದ.

"ನಾಳೆಯಿಂದ ಮಳೆಯಲ್ಲೂ ಬಿಡ್ರಿ," ಎಂದರು ಮೇಲ್ವಿಚಾರಕರು, ಕಣ್ಣಿಗಿಳಿಯುತ್ತಿದ್ದ ನೀರನ್ನು ಕೈಯಿಂದ ತೊಡೆಯುತ್ತ.

ಅಣ್ಣ ಜೇಬಿನಿಂದ ಬಟ್ಟೆ ತೆಗೆದು ಕೊಟ್ಟ. ಅದು ಮಡಿಕೆ ಕೆಡದೆ ಒಣಗಿಯೇ ಇತ್ತು. ಮೇಲ್ವಿಚಾರಕರು ಅದನ್ನು ಬಿಡಿಸಿ ತಲೆ ಒರೆಸಿಕೊಳ್ಳುತ್ತ ನಿಂತರು. ಅಣ್ಣ ಎರಡೂ ಕೈಗಳಿಂದ ಚುಕ್ಕಾಣಿ ಹಿಡಿದು ದಡದ ಕಡೆಗೆ ದೋಣಿ ತಿರುಗಿಸಿದ.